ಹನ್ನೆರಡು ಹತ್ತಿಕಡ್ಡಿಗಳು

ಇದನ್ನು ಬರೆಯಲು ಕುಳಿತಾಗಲೆಲ್ಲ ನನಗೆ ಚಹಾ ನೆನಪಾಗುತ್ತಿತ್ತು, ಇಲ್ಲವೇ ಮಾತ್ರೆ. ಹಾಗೆಯೇ ಆರು ವರ್ಷ ಮುಂದೂಡಿದೆ. ಇವತ್ತು ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಜಾತಿಸಂಘದ ಕಪಾಟು ಒರೆಸುವಾಗ ಸೀಲು ಒಡೆಯದ ಹತ್ತಿಕಡ್ಡಿಯ ಪೊಟ್ಟಣಗಳು ಸಿಕ್ಕವು. ಹನ್ನೆರಡು. ಇನ್ನು ತಪ್ಪಿಸಿಕೊಳ್ಳುವಂತಿಲ್ಲ.

ನಾನು ಮೆಟ್ರಿಕ್ ಮುಗಿಸಿ ಕರಾವಳಿ ಬಿಟ್ಟವನು. ಸಂಘದ ವಧೂವರರ ಪುಸ್ತಕ ನನ್ನ ಕೈಯಲ್ಲಿತ್ತು. ಕಲ್ಯಾಣದಿಂದ ಖಾರಘರದವರೆಗೆ ನಮ್ಮವರ ಯಾವ ಹುಡುಗಿಗೆ ಯಾವ ಹುಡುಗನೆಂದು ಹೇಳಲು ನನಗೆ ಕನ್ನಡಕವೂ ಬೇಕಿರಲಿಲ್ಲ. ಮದುವೆಯಾದ ಮೇಲೆ ಅವರು ಜಗಳವಾಡಿದರೆ ಅದು ಗ್ರಹಗಳ ತಪ್ಪು.

ಕಳಂಬೋಲಿಯಲ್ಲಿ ಹೋಟೆಲಿಟ್ಟ ಸುಧಾಕರಣ್ಣನ ಮಗಳು ಶಾಲಿನಿಗೆ ರಕ್ತದ ಕ್ಯಾನ್ಸರ್ ಬಂತು. ಬೇರೊಬ್ಬರ ರಕ್ತ ಹುಟ್ಟಿಸುವ ಕಾಂಡಕೋಶ ಹಾಕಬೇಕು, ಮನೆಯವರದು ಯಾರದೂ ಹೊಂದುತ್ತಿಲ್ಲ ಎಂದರು ಡಾಕ್ಟರು. ಇಂಥ ಹುಡುಕಾಟಕ್ಕೆ ನನಗಿಂತ ಯೋಗ್ಯರು ಯಾರು? ಸಂಘದಲ್ಲೇ ದಾನಿಗಳ ನೋಂದಣಿ ಶಿಬಿರ ನಡೆಸಿದೆ. ಅರ್ಜಿಯ ಜೊತೆ ನನ್ನದೇ ಒಂದು ಹಾಳೆ: ಊರು, ಮನೆತನ, ಬಳಿ. ಕೆನ್ನೆಯೊಳಗೆ ಹತ್ತಿಕಡ್ಡಿ ಉಜ್ಜಿ ಮಾದರಿ ತೆಗೆಯಲು ಬಂದಿದ್ದ ಹುಡುಗಿ, ಬಳಿ ಎಂದರೇನೆಂದು ಮರಾಠಿಯಲ್ಲಿ ಕೇಳಿದಳು:

"ಕಾಕಾ, ಬಳಿ ಮ್ಹಣಜೆ ಕಾಯ್?"

"ಅದು ನಮ್ಮ ಕುಲದ ವಿಚಾರ, ನಿನಗೆ ತಿಳಿಯುವುದಿಲ್ಲ," ಎಂದೆ.

ಮಧ್ಯಾಹ್ನ ಕಳಂಬೋಲಿಯ ಕಬ್ಬಿಣದ ಪೇಟೆಯಿಂದ ಒಬ್ಬ ಹಮಾಲ, ಹನ್ನೊಂದು ಮಂದಿ ಜೊತೆಗಾರರೊಂದಿಗೆ ಬಂದ. ಕಲಬುರಗಿಯವರು. ಅವರ ಮಕ್ಕಳಿಗೆ ಶಾಲಿನಿ ಹೋಟೆಲಿನ ಹಿಂದೆ ಕೂರಿಸಿ ಪಾಠ ಹೇಳುತ್ತಿದ್ದಳು. ಮಾದರಿ ತೆಗೆಯುವ ಹುಡುಗಿ ಖುಷಿಯಿಂದ ಹನ್ನೆರಡು ಪೊಟ್ಟಣ ಎಣಿಸಿಟ್ಟಳು.

"ನಮ್ಮವರದ್ದು ನಮ್ಮವರಿಗೇ ಹೊಂದುವುದು ಮಾರಾಯ. ನಿಮ್ಮದು ತೆಗೆದರೆ ಸುಮ್ಮನೆ ವೇಸ್ಟು," ಎಂದು ಹಮಾಲನನ್ನು ಹೊರಗೆ ಕರೆದು ಹೇಳಿದೆ.

"ಬಾಯಾಗಿನ ಎಂಜಲಕ್ಕೂ ಜಾತಿ ಐತೇನ್ರಿ, ಸಾಹೇಬ್ರ? ಅಕ್ಕೋರ ಸಲುವಾಗಿ ಬಂದೀವ್ರಿ."

ಚಹಾ ಕುಡಿಸಿ ಕಳಿಸಿದೆ. ಬಿಸ್ಕತ್ತನ್ನೂ ಕೊಟ್ಟೆ, ಆ ಔದಾರ್ಯವನ್ನು ವರದಿಯಲ್ಲಿ ಬರೆದೆ. ಪೊಟ್ಟಣಗಳನ್ನು ಕಪಾಟಿಗೆ ತಳ್ಳಿ, ಅವರಿಗೆ ರೈಲಿಗೆ ಹೊತ್ತಾಯಿತೆಂದು ಹುಡುಗಿಗೆ ಸುಳ್ಳು ಹೇಳಿದೆ.

ನಮ್ಮವರ ಅಷ್ಟು ಕೆನ್ನೆಗಳಲ್ಲಿ ಒಂದೂ ಹೊಂದಲಿಲ್ಲ. ಬೇರೆ ಕಡೆಯೂ ದಾನಿ ಸಿಗಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಶಾಲಿನಿ ಹೋದಳು.

ಸಂತಾಪ ಸಭೆಯ ದಿನ ಅದೇ ಹಮಾಲ ಬಾಗಿಲಾಚೆ ನಿಂತು ಕೇಳಿದ: "ಈಗರ ಒಳಗ ಬರ್ಲೇನ್ರಿ?"

ಕುರ್ಚಿ ತೋರಿಸಿದೆ.

ಆ ಹನ್ನೆರಡು ಮಂದಿಯಲ್ಲಿ ಯಾರದಾದರೂ ಹೊಂದುವುದು ಕಷ್ಟವೇ ಇತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ಆ ಮಾತನ್ನು ಇಷ್ಟು ವರ್ಷ ತಲೆದಿಂಬು ಮಾಡಿಕೊಂಡು ಮಲಗಿದೆ. ಆದರೆ ಪರೀಕ್ಷಿಸಿ ನೋಡಲೇಬಾರದೆಂದು ತೀರ್ಮಾನಿಸಿದ್ದು ಗ್ರಹಗಳಲ್ಲ, ನಾನು.

ವಧೂವರರ ಪುಸ್ತಕವನ್ನು ಇವತ್ತು ಬೇರೆಯವರಿಗೆ ಒಪ್ಪಿಸಿದೆ. ಆ ಹಮಾಲನ ಮುಂದೆ ತಪ್ಪೊಪ್ಪಿಕೊಳ್ಳಲು ಕಳಂಬೋಲಿಗೆಂದು ಚಪ್ಪಲಿ ಮೆಟ್ಟಿದವನು ಬಾಗಿಲಲ್ಲೇ ಬಿಚ್ಚಿ ಬಂದು ಕುಳಿತಿದ್ದೇನೆ. ಶಿಬಿರದ ದಿನ ಆತ, ಅಲ್ಲ, ಅವರು, ಅರ್ಜಿಗೆಂದು ಮೊದಲು ಹೇಳಿದ್ದು ತಮ್ಮ ಹೆಸರನ್ನೇ. ನಾನು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಈಗ ಬರೆಯುತ್ತೇನೆ: ಶರಣಪ್ಪ.