ಮುಖ ತೋರಿಸಿ ಮಾಸ್ಕು ಹಾಕುತ್ತಿದ್ದ ಮೇಡಂ

ಪದ್ಮಜಾ ಮೇಡಂ ಲಕೋಟೆಯೊಳಗೆ ಉಫ್ ಎಂದು ಊದಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ನಾವೆಲ್ಲ ಅಂಚು ಹರಿದು, ಬಾಯಿ ಹತ್ತಿರ ತಂದು, ಊದಿ ಅಗಲಿಸಿ ಕಾಗದ ಎಳೆಯುವವರು. ಅವರು ಲಗ್ನಪತ್ರಿಕೆಯನ್ನೂ ಮೇಜಿನ ಮೇಲೆ ಮಲಗಿಸಿ, ಮುಖ ದೂರ ಇಟ್ಟು, ಬ್ಲೇಡಿನಿಂದ ಕೊಯ್ಯುತ್ತಿದ್ದರು. "ಯಾರರ ಬೇಕಂತನ ರೋಗ ಕಳಿಸಿದ್ರ, ಅವರ ಅರ್ಧಾ ಕೆಲಸ ನಮ್ಮ ಉಸರ ಮಾಡಿಕೊಡತೈತಿ," ಎನ್ನುತ್ತಿದ್ದರು.

ಬೆಳಗಾವಿಯ ರೋಗ ಕಣ್ಗಾವಲು ವಿಭಾಗದಲ್ಲಿ ಅವರು ವೈದ್ಯಾಧಿಕಾರಿ, ನಾನು ಅಂಕಿ-ಅಂಶ ಬರೆಯುವವನು. ಜ್ವರ, ವಾಂತಿಭೇದಿಯ ಲೆಕ್ಕ ಬರೆದೂ ಬರೆದೂ ಮನೆಯ ದಿನಚರಿಯಲ್ಲೂ ಎಲ್ಲಕ್ಕೂ ಗೆರೆ ಎಳೆದು ಎಣಿಸುವ ಚಾಳಿ ನನಗೆ. ಮೇಡಂ ಅದನ್ನೂ ಕೆಲಸಕ್ಕೆ ಹಚ್ಚಿದರು.

ಒಂದು ಸೋಮವಾರ ನನ್ನೊಬ್ಬನನ್ನು ಬಿಟ್ಟು ಯಾರಿಗೂ ಹೇಳದೆ, ಲಕೋಟೆಯೊಂದರಲ್ಲಿ ಗುಲಾಲು ತುಂಬಿ ಟಪಾಲಿನಲ್ಲಿ ಸೇರಿಸಿದರು. ಟಪಾಲು ಗುಮಾಸ್ತರು ಎಂದಿನಂತೆ ಊದಿದರು. ಒಬ್ಬರು ಟವೆಲಿನಿಂದ ಝಾಡಿಸಿದರು, ಇನ್ನೊಬ್ಬರು ಫ್ಯಾನು ಜೋರು ಮಾಡಿದರು. ಮಧ್ಯಾಹ್ನದವರೆಗೆ ನಾನು ಕೆಂಪು ಕಂಡಲ್ಲೆಲ್ಲ ನನ್ನ ವಹಿಯಲ್ಲಿ ಒಂದೊಂದು ಗೆರೆ ಎಳೆಯುತ್ತ ಹೋದೆ: ನೀರಿನ ನಲ್ಲಿ, ಹಾಜರಿ ಯಂತ್ರ, ಸಾಹೇಬರ ಕುರ್ಚಿ, ಹತ್ತೊಂಬತ್ತು ಜನರ ಕೈ.

"ಈ ವರ್ಷ ರಂಗಪಂಚಮಿ ಲಗೂನ ಬಂತಲ್ರಿ ಮೇಡಂ," ಎಂದರು ಗುಮಾಸ್ತರು, ಕೆಂಪು ಮೀಸೆಯಲ್ಲೇ ನಗುತ್ತ.

"ಬಂತ್ರಿ. ಖರೇ ಪುಡಿ ಹಿಂಗ ಕಾಣಿಸಿಕೊಂಡು ಅಡ್ಡಾಡೂದಿಲ್ಲ. ಕುಂದರ್ರಿ, ಮತ್ತ ಮೊದಲಿಂದ ಮಾಡೂಣು."

ಮಾಡಿದೆವು. ಊದಬಾರದು, ಝಾಡಿಸಬಾರದು, ಫ್ಯಾನು ಆರಿಸಿ, ಬಾಗಿಲು ಮುಚ್ಚಿ, ಕೈ ತೊಳೆದು, ಅಲ್ಲೇ ಕಾಯಬೇಕು. ಕಾಯುವುದೇ ಕಷ್ಟ ಎಂದು ಮೇಡಂ ಹೇಳಿದ್ದರು. ಹೆದರಿದ ಮನುಷ್ಯ ಮನೆಯವರ ಕಡೆಗೇ ಓಡುತ್ತಾನೆ.

ಅದನ್ನು ಖಾನಾಪುರದಲ್ಲಿ ಕಣ್ಣಾರೆ ಕಂಡೆ. ಅಲ್ಲಿನ ಒಂದು ಕಚೇರಿಗೆ ಬೆದರಿಕೆಯ ಚೀಟಿ ಮತ್ತು ಬಿಳಿ ಪುಡಿ ತುಂಬಿದ ಲಕೋಟೆ ಬಂದಿತ್ತು. ಒಡೆದವನು ಜವಾನ ಮಾರುತಿ. ಪುಡಿ ಅವನ ಮುಖಕ್ಕೆ ಹಾರಿತ್ತು. ಉಳಿದವರು ಹೊರಗೋಡಿ ಚಿಲಕ ಹಾಕಿಬಿಟ್ಟಿದ್ದರು. ನಾವು ಅಲ್ಲಿಗೆ ಮುಟ್ಟುವಷ್ಟರಲ್ಲಿ ರಸ್ತೆ ತುಂಬ ಜನ. ಮಾರುತಿಯ ಹೆಂಡತಿ ಮಗಳನ್ನೆತ್ತಿಕೊಂಡು ಅಳುತ್ತಿದ್ದಳು. ಅವನು ಒಳಗಿನಿಂದ ಬಾಗಿಲು ಗುದ್ದುತ್ತಿದ್ದ. ಬಾಗಿಲು ಮುರಿದಿದ್ದರೆ ಬಂದು ಆ ಕೂಸನ್ನೇ ಅಪ್ಪಿಕೊಳ್ಳುತ್ತಿದ್ದ.

"ಲಗೂ ಸೂಟ್ ಹಾಕ್ಕೊಳ್ರಿ ಮೇಡಂ," ಎಂದರು ಪೊಲೀಸರು. ಮೇಡಂ ಬರಿಮುಖದಲ್ಲೇ ಹೋಗಿ ಮುಚ್ಚಿದ ಕಿಟಕಿಯ ಗಾಜಿನೆದುರು ನಿಂತರು.

"ಮಾರುತಿ, ನಾ ಡಾಕ್ಟರ್ ಪದ್ಮಜಾ. ಮೊದಲ ಫ್ಯಾನ್ ಬಂದ್ ಮಾಡು. ನನ್ನ ಮುಖಾ ಛಲೋ ನೋಡಿಕೋ. ಈಗ ಬಿಳಿ ಸೂಟ್ ಹಾಕ್ಕೊಂಡು ಒಳಗ ಬರಾಕಿ ನಾನ." ಆಮೇಲೆ ಅವನ ಮರಾಠಿಯಲ್ಲಿ, ಹೆದರಬೇಡ ಎಂದು: "ಘಾಬರೂ ನಕೋ, ಬಾಳಾ."

ಅವನ ಕಣ್ಣೆದುರೇ ಸೂಟು, ಮಾಸ್ಕು, ಕೈಗವಸು ಒಂದೊಂದಾಗಿ ಹಾಕಿಕೊಂಡರು. ಗುದ್ದುವುದು ನಿಂತಿತು.

"ಅವನ್ನ ಊರ ಹೊರಗ ಒಯ್ಯರಿ ಮೊದಲ!" ಎಂದು ಜನರೊಳಗಿಂದ ಒಬ್ಬ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಲೇ ಕೂಗಿದ.

"ಪುಡಿ ಟಪಾಲಿನ್ಯಾಗ ಬಂದೈತ್ರಿ, ಮಾರುತಿ ಮನಿಯಿಂದ ತಂದಿಲ್ಲ," ಎಂದರು ಮೇಡಂ ಮಾಸ್ಕಿನೊಳಗಿಂದ. "ನೀವು ಮೊದಲ ಆ ಮೊಬೈಲ್ ಕಿಸೇದಾಗ ಇಡ್ರಿ."

ಒಳಗೆ ಹೋಗಿ ಸೋಪುನೀರಿನಿಂದ ಅವನ ಮೈ ತೊಳೆಸಿ, ಬಟ್ಟೆ ಬದಲಿಸಿ, ಬೆಳಗಾವಿಗೆ ತಂದು ಬೇರೆ ಕೋಣೆಯಲ್ಲಿಟ್ಟರು. ಪ್ರಯೋಗಾಲಯದ ವರದಿ ಬಂತು: ಸೀಮೆಸುಣ್ಣದ ಪುಡಿ.

"ಇಷ್ಟಕ್ಕ ಇಷ್ಟು ಗದ್ದಲಾ?" ಎಂದು ನಮ್ಮಲ್ಲೇ ಕೆಲವರು ನಕ್ಕರು. ಮೇಡಂ ಸಿಟ್ಟಾದದ್ದನ್ನು ನಾನು ಕಂಡದ್ದು ಆಗ ಮಾತ್ರ. "ಮುಂದಿನ ಲಕೋಟಿಯೊಳಗ ಏನಿರತೈತಿ, ನಿಮಗ ಗೊತ್ತೈತೇನು?"

ಖಾನಾಪುರದ ಕಚೇರಿಯಲ್ಲಿ ಮಾತ್ರ ಆ ವರದಿಯನ್ನು ಯಾರೂ ನಂಬಲಿಲ್ಲ. ಮಾರುತಿಯ ಕೈಯಿಂದ ಫೈಲು ತೆಗೆದುಕೊಳ್ಳುವವರಿಲ್ಲ. ಅವನ ಚಹಾದ ಕಪ್ಪೂ ಬೇರೆ. ತಮ್ಮ ನಿವೃತ್ತಿಯ ವಾರದಲ್ಲಿ ಇದು ಮೇಡಂ ಕಿವಿಗೆ ಬಿತ್ತು. ನನ್ನನ್ನು ಕರೆದುಕೊಂಡು ಹೊರಟರು. ಅವರ ಜೊತೆ ನಾನು ಹೋದ ಕೊನೆಯ ಕೆಲಸ ಅದು. ಅವರ ಹುದ್ದೆ ಇಂದಿಗೂ ಖಾಲಿ ಇದೆ.

ಅಲ್ಲಿ ಭಾಷಣ ಮಾಡಲಿಲ್ಲ. ಮಾರುತಿಯ ಪಕ್ಕದ ಬೆಂಚಿನ ಮೇಲೆ ಕುಳಿತು, "ನಿನ್ನ ಚಾದಾಗ ಅರ್ಧಾ ಕೊಡಪಾ," ಎಂದರು. ಅವನು ತನ್ನ ಕಪ್ಪಿನ ಕೆಳಗಿನ ಬಶಿಗೆ ಅರ್ಧ ಸುರಿದ. ಮೇಡಂ ಇಡೀ ಕಚೇರಿಗೆ ಕೇಳುವಂತೆ ಸುರ್ ಎಂದು ಕುಡಿದರು.

ಸ್ವಲ್ಪ ಹೊತ್ತಿಗೆ ಹೆಡ್ ಕ್ಲಾರ್ಕು ಕುರ್ಚಿ ಎಳೆದುಕೊಂಡು ಬಂದರು. "ನನಗೂ ಒಂದೀಟು ಹಾಕೋ, ಮಾರುತಿ."

ಮೇಡಂ ಬಶಿ ಕೆಳಗಿಟ್ಟು ಎದ್ದರು. "ಹಾಕಪಾ ಅವರಿಗೆ. ನನಗ ಬಸ್ಸಿನ ಹೊತ್ತಾತು."