ಹಿತ್ತಲ ಕೋರ್ಟಿನ ಇನ್‌ಚಾರ್ಜ್ ಫೇರೋ

ಸೌದಿಯ ಹಫ್ರ್ ಅಲ್ ಬಾತಿನ್‌ನ ಆ ಇಂಡಿಯನ್ ಶಾಲೆಯ ಹುಡುಗಿಯರ ವಿಭಾಗಕ್ಕೆ ಒಂದೇ ವರ್ಷದಲ್ಲಿ ಮೂವರು ಪ್ರಿನ್ಸಿಪಾಲರು ಬಂದು ಹೋದರು. ಮೊದಲನೆಯವರು ರಜೆಗೆಂದು ಊರಿಗೆ ಹೋಗಿ ಅಲ್ಲೇ ಬೇರು ಬಿಟ್ಟರು. ಎರಡನೆಯವರನ್ನು ಕುವೈತ್ ಎಳೆದುಕೊಂಡಿತು. ಮೂರನೆಯವರಿಗೆ ಧೂಳು ಆಗುತ್ತಿರಲಿಲ್ಲ. ಹಫ್ರಿನಲ್ಲಿ ಧೂಳು ಆಗದವರಿಗೆ ಗಾಳಿಯೂ ಆಗುವುದಿಲ್ಲ. ನಾಲ್ಕನೆಯವರ ವೀಸಾ ಬರುವ ತನಕ ಕುರ್ಚಿ ಖಾಲಿ ಇರಬಾರದೆಂದು ಆಡಳಿತ ಸಮಿತಿ ಆರನೇ ತರಗತಿಯ ಸಮಾಜ ಟೀಚರ್ ನಸೀಬಾಳನ್ನು ತಂದು ಕೂರಿಸಿತು.

ಪದವಿಯ ಹೆಸರು ಇನ್‌ಚಾರ್ಜ್. ಚಾರ್ಜ್ ಮಾತ್ರ ಮಾಡಿ ಕೊಟ್ಟಿರಲಿಲ್ಲ. ಗಂಟೆ ಹೊಡೆಸುವುದು, ಮಕ್ಕಳನ್ನು ಸುಮ್ಮನಿರಿಸುವುದು, ಹೊಸಬರು ಬಂದಾಗ ಎದ್ದು ನಿಲ್ಲುವುದು, ಇಷ್ಟೇ ವಾಡಿಕೆ.

ರಿಪೇರಿ ಕೆಲಸದ ಸೇಸಪ್ಪ ಹಿಂದಿನವರ ಹೆಸರಿನ ಹಲಗೆಯನ್ನೇ ಮಗುಚಿ, ಬೆನ್ನಿನ ಮೇಲೆ ನಸೀಬಾಳ ಹೆಸರು ಬರೆದು ಬಾಗಿಲಿಗೆ ತೂಗುಹಾಕಿದ.

“ಬೇಜಾರು ಮಾಡ್ಬೇಡಿ ಟೀಚರೇ. ಹೊಸ ಹಲಗೆ ಒಣಗುವಷ್ಟು ದಿವಸ ನೀವು ಇರ್ತೀರೋ ಇಲ್ವೋ ಅಂತ.”

“ಬೇಜಾರು ಎಂತಕ್ಕೆ? ಸೆನೆಬ್‌ಕಾಯ್‌ಗೂ ಹೀಗೇ ಮಾಡಿದ್ರು.”

“ಅವರು ಯಾವ ಶಾಲೆಯ ಪ್ರಿನ್ಸಿಪಾಲ್?”

ನಸೀಬಾ ನಕ್ಕಳು. ಸೆನೆಬ್‌ಕಾಯ್ ಈಜಿಪ್ಟಿನ ಒಬ್ಬ ಫೇರೋ. ದೇಶ ಹರಿದು ಹಂಚಿಹೋಗಿದ್ದ ಕಾಲದಲ್ಲಿ ಉತ್ತರದಲ್ಲಿ ಪರದೇಶಿ ದೊರೆಗಳು, ದಕ್ಷಿಣದಲ್ಲಿ ಥೀಬ್ಸ್‌ನವರು. ನಡುವೆ ಇವನ ಅಂಗೈಯಗಲದ ರಾಜ್ಯ. ಆಳಿದ್ದು ಸ್ವಲ್ಪ ಕಾಲ. ಗೋರಿಗೆ ಹಾಕಿದ್ದು ಹಳೆಯ ಕಲ್ಲು, ಒಳಗಿಟ್ಟ ಪೆಟ್ಟಿಗೆ ಹಿಂದಿನ ರಾಜನ ಹಲಗೆಯದು. ಮೊನ್ನೆ ಮೊನ್ನೆ ಗೋರಿ ಅಗೆಯುವವರೆಗೆ ಇವನ ಹೆಸರು ಕೇಳಿದವರೇ ಇರಲಿಲ್ಲ. ಆದರೆ ಎಲುಬಿನ ತುಂಬ ಕೊಡಲಿ ಏಟಿನ ಗುರುತು. ಹಾಸಿಗೆಯಲ್ಲಿ ಸತ್ತವನಲ್ಲ.

ಪಠ್ಯದಲ್ಲಿಲ್ಲದ ಈ ರಾಜನನ್ನು ನಸೀಬಾ ಪ್ರತಿವರ್ಷ ತರಗತಿಗೆ ಕರೆತರುತ್ತಿದ್ದಳು. ಗಣಿತದ ಟೀಚರ್ ಜಸೀಲಾಗೆ ಅದು ಸರಿಬರುತ್ತಿರಲಿಲ್ಲ. ಫೇರೋ ಎಂದರೆ ಅವಳಿಗೆ ಕುರ್‌ಆನಿನ ದುಷ್ಟ ದೊರೆ ಫಿರ್‌ಔನ್ ಒಬ್ಬನೇ.

“ಮಕ್ಕಳಿಗೆ ಫಿರ್‌ಔನ್‌ನ ಹೊಗಳಿ ಹೇಳ್ತೀಯಲ್ಲ ಮಾರಾಯ್ತಿ.”

“ಕಡಲಲ್ಲಿ ಮುಳುಗಿದ ಫಿರ್‌ಔನ್ ಬೇರೆ. ಇವ ನೆಲ ಬಿಡದೆ ಸತ್ತವ.”

ಈಗ ನಸೀಬಾಳ ಕೈಗೂ ಒಂದಿಷ್ಟು ನೆಲ ಬಂದಿತ್ತು: ಶಾಲೆಯ ಹಿತ್ತಲು. ಹುಡುಗಿಯರಿಗೆ ಆಕಾಶ ಕಾಣುವ ಜಾಗ ಇಡೀ ಕಟ್ಟಡದಲ್ಲಿ ಅದೊಂದೇ. ಪುತ್ತೂರಿನ ಕಾನ್ವೆಂಟಿನಲ್ಲಿ ಓದುವಾಗ ಅವಳು ತ್ರೋಬಾಲ್ ತಂಡದ ನಾಯಕಿ. ಎರಡು ಕೈಯಲ್ಲಿ ಹಿಡಿ, ಒಂದೇ ಕೈಯಲ್ಲಿ ಎಸೆ, ತಡಮಾಡಬೇಡ ಎಂದು ಸಿಸ್ಟರ್ ಕಲಿಸಿದ್ದರು. ಸಂಸಾರವನ್ನೂ ಅವಳು ಅದೇ ನಿಯಮದಲ್ಲಿ ನಡೆಸಿದ್ದಳು. ಪಟ್ಟಕ್ಕೇರಿದ ಮೊದಲ ಶುಕ್ರವಾರವೇ ಸೇಸಪ್ಪನಿಂದ ಹಿತ್ತಲಿಗೆ ಬಿಳಿ ಗೆರೆ ಎಳೆಸಿ ನೆಟ್ ಕಟ್ಟಿಸಿದಳು.

ಮರುದಿನವೇ ಫೋನ್ ಬಂತು. ಸಮಿತಿಯಲ್ಲಿ ಬಸ್ಸುಗಳ ಉಸ್ತುವಾರಿ ಹೊತ್ತ ಭಟ್ಕಳದ ವ್ಯಾಪಾರಿ ಅತೀಕುರ್ರಹ್ಮಾನ್.

“ಮೇಡಂ, ರಸ್ತೆ ಬದಿ ಬಸ್ ನಿಲ್ಲಿಸಲಿಕ್ಕೆ ಬಿಡ್ತಾ ಇಲ್ಲ. ನಾಳೆಯಿಂದ ನಿಮ್ಮ ಹಿತ್ತಲಲ್ಲಿ ನಿಲ್ತವೆ.”

“ಅಲ್ಲಿ ಮಕ್ಕಳು ಆಡ್ತಾರೆ, ಅತೀಕ್ ಸಾಹೇಬ್ರೆ.”

“ಹುಡುಗಿಯರಿಗೆ ಕ್ಯಾರಂ ಉಂಟಲ್ಲ.”

“ಕ್ಯಾರಂ ಆಡಿದ್ರೆ ಒಂದು ಬೆರಳು ಗಟ್ಟಿಯಾಗ್ತದೆ, ಅಷ್ಟೇ.”

“ನೀವು ಬರೀ ಇನ್‌ಚಾರ್ಜ್ ಅಲ್ವಾ? ಹೊಸ ಪ್ರಿನ್ಸಿಪಾಲ್ ಬರ್ಲಿ, ಮಾತಾಡುವ.”

“ಹಾಗಾದ್ರೆ ಬಸ್ಸೂ ಅವರ ಜೊತೆಗೇ ಬರ್ಲಿ.”

ಅತ್ತ ಫೋನ್ ಇಟ್ಟ ಸದ್ದು ಕೇಳಿತು. ನಸೀಬಾ ಹಿತ್ತಲ ಗೇಟಿನ ಹತ್ತಿರ ಹೋಗಿ ನಿಂತಳು. ಅಲ್ಲಿದ್ದ ಫಲಕ ಅತೀಕ್ ಸಾಹೇಬರೇ ಮುತುವರ್ಜಿಯಿಂದ ಹಾಕಿಸಿದ್ದು: ಹುಡುಗಿಯರು ಅಂಗಳದಲ್ಲಿರುವಾಗ ಗಂಡಸರಿಗೆ ಪ್ರವೇಶವಿಲ್ಲ. ಅದನ್ನು ಅವಳು ದುಪಟ್ಟಾದ ತುದಿಯಿಂದ ಚೆನ್ನಾಗಿ ಒರೆಸಿದಳು. ಧೂಳಿಗೆ ಅಕ್ಷರಗಳು ಮಾಸಿದ್ದವು.

ಅಲ್ಲಿನ ವಾರದ ರಜೆ ಮುಗಿದ ಭಾನುವಾರ ಬೆಳಿಗ್ಗೆ ಬಸ್ಸುಗಳು ಮಕ್ಕಳನ್ನು ಮುಂಬಾಗಿಲಲ್ಲಿ ಇಳಿಸಿ ಹಿಂದಕ್ಕೆ ಸುತ್ತಿ ಬರುವಷ್ಟರಲ್ಲಿ ಹಿತ್ತಲಲ್ಲಿ ಪಂದ್ಯ ಶುರುವಾಗಿತ್ತು. ಡ್ರೈವರ್ ಲತೇಶ್ ಹಾರ್ನ್ ಒತ್ತಿದ. ಒಳಗಿನಿಂದ ಸೀಟಿ ಕೇಳಿತು.

“ಮೇಡಂ, ಯಲ್ಲಾ, ಬೇಗ ಗೇಟು ತೆಗೀರಿ.”

“ಫಲಕ ಓದು ಲತೇಶ.”

ಲತೇಶ್ ಓದಿದ. ಹಿಂದಿನ ಡ್ರೈವರುಗಳಿಗೂ ಓದಿ ಹೇಳಿದ. ಆಮೇಲೆ ಅತೀಕುರ್ರಹ್ಮಾನ್ ಖುದ್ದಾಗಿ ಬಂದರು. ತಮ್ಮದೇ ನಿಯಮದ ಮರ್ಯಾದೆಗೆ ಗೇಟಿಗೆ ಬೆನ್ನು ಹಾಕಿ ನಿಂತು ರಸ್ತೆಯ ಜೊತೆ ಮಾತಾಡಿದರು.

“ಈ ಆಟ ಯಾವಾಗ ಮುಗೀತದೆ ಮೇಡಂ?”

“ಎರಡು ಕಡೆಯೂ ಸಮಸಮ ಉಂಟು. ಹೇಳ್ಲಿಕ್ಕೆ ಆಗುದಿಲ್ಲ.”

ಆ ಪಂದ್ಯ ದಿನಗಟ್ಟಲೆ ಸಮಸಮವಾಗಿಯೇ ಉಳಿಯಿತು. ಯಾರಾದರೂ ಗೆಲ್ಲುವ ಹಂತಕ್ಕೆ ಬಂದರೆ ಅಂಪೈರ್ ನಸೀಬಾ ಏನೋ ತಪ್ಪು ಹುಡುಕಿ ಮತ್ತೆ ಆಡಿಸುತ್ತಿದ್ದಳು. ಒಂದು ತರಗತಿ ಒಳಗೆ ಹೋದರೆ ಇನ್ನೊಂದು ಹೊರಗೆ. ಫಿರ್‌ಔನ್ ಬೇಡವೆಂದಿದ್ದ ಜಸೀಲಾ ಕೂಡ ತ್ರಿಕೋನಗಳನ್ನು ಬಿಳಿ ಗೆರೆಯ ಮೇಲೆಯೇ ಕಲಿಸತೊಡಗಿದಳು. ಸ್ಟಾಫ್‌ರೂಮಿನಲ್ಲಿ ನಸೀಬಾಳಿಗೆ ‘ಫಿರ್‌ಔನ್’ ಎಂದು ಅಡ್ಡಹೆಸರು ಬಿತ್ತು. “ಫೇರೋ ಅನ್ನಿ, ಫೇರಾಗಿಯೇ ಆಡಿಸ್ತಿದ್ದೇನೆ,” ಎಂದಳು. ಅದು ಹಸಿ ಸುಳ್ಳೆಂದು ಎರಡೂ ತಂಡಗಳಿಗೆ ಗೊತ್ತಿತ್ತು.

ಕೊನೆಗೆ ನಾಲ್ಕನೆಯವರು ಬಂದರು. ಮುಹ್ಸಿನಾ ಎಂದು ಹೆಸರು. ಸೇಸಪ್ಪ ಹಲಗೆ ಇಳಿಸಿ ಕೇಳಿದ, “ನಿಮ್ಮ ಹೆಸರು ಕೆರೆದು ತೆಗೀಲಾ?”

“ಕೆರೀಬೇಡ. ಮೇಲೆ ಬಣ್ಣ ಬಳಿ. ಅಡಿಯಲ್ಲಿ ಇರ್ಲಿ.”

ಮೊದಲ ದಿನವೇ ಹಿತ್ತಲು ತೆರವು ಮಾಡಿಸಬೇಕೆಂದು ಅತೀಕುರ್ರಹ್ಮಾನ್ ಹೊಸಬರಿಗೆ ಹೇಳಿಟ್ಟಿದ್ದರು. ಮುಹ್ಸಿನಾ ಹಿತ್ತಲಿಗೆ ಬಂದಾಗ ನಸೀಬಾ ಕೋರ್ಟಿನ ನಡುಗೆರೆಯ ಬದಿಯಲ್ಲಿ ಸೀಟಿ ಹಿಡಿದು ನಿಂತಿದ್ದಳು.

“ಕುರ್ಚಿ ಬಿಟ್ಟುಕೊಟ್ಟಿದ್ದೀರಂತೆ. ಇದನ್ನು?”

“ಕುರ್ಚಿ ಸಮಿತಿಯದ್ದು ಮೇಡಂ, ಕೊಟ್ಟೆ. ಇದು ಮಕ್ಕಳದ್ದು. ಕೊಡ್ಲಿಕ್ಕೆ ನಾನು ಯಾರು?”

“ನಿಲ್ಲಿಸಿ ಅಂತ ನಾನು ಆರ್ಡರ್ ಮಾಡಿದ್ರೆ?”

“ಮಾಡಿ. ನಾನು ಇಲ್ಲೇ ಇರ್ತೇನೆ. ಬಸ್ಸು ಬಂದ್ರೆ ಅದರ ಮುಂದೆಯೇ ಪಾಠ ಮಾಡ್ತೇನೆ. ಆರನೇ ಕ್ಲಾಸಿಗೆ ಈಗ ಈಜಿಪ್ಟೇ ನಡೀತಾ ಉಂಟು.”

ಮುಹ್ಸಿನಾ ಕೋರ್ಟನ್ನೂ, ಬೆವರಿದ ಹುಡುಗಿಯರನ್ನೂ, ಗೇಟಿನಾಚೆ ಬೆನ್ನು ಹಾಕಿ ಕಾಯುತ್ತಿದ್ದವರನ್ನೂ ನೋಡಿದರು.

“ನಾಳೆ ನೋಡೋಣ,” ಎಂದರು.

“ನೋಡಿ ಮೇಡಂ. ನಾಳೆಯೂ ಸಮಸಮವೇ ಇರ್ತದೆ.”

ನಸೀಬಾ ಸೀಟಿ ಊದಿದಳು. ಚೆಂಡು ನೆಟ್ ದಾಟಿತು.