ಬದುವಿನ ಬಸಳೆ

ಶಶಿಕಲಾ, ನಿಮ್ಮ ಅಂಗಳದ ಮಲ್ಲಿಗೆ ಹಾಳಾದದ್ದು ನಿನ್ನ ಮುಟ್ಟಿನಿಂದಲ್ಲ. ನನ್ನ ಜೋಳದ ಗದ್ದೆಗೆ ನಾನು ಹೊಡೆದ ಕಳೆನಾಶಕದಿಂದ. ನನಗದು ಆಗಲೇ ಗೊತ್ತಿತ್ತು.

ಇಷ್ಟನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಇನ್ನು ಮುಂದಿನದನ್ನು ಬರೆಯುವಾಗ ನನ್ನ ನೆನಪು ನನ್ನ ಪರವಾಗಿ ವಾದಿಸಲು ನೋಡುತ್ತದೆ — ಅದನ್ನು ಪೂರ್ತಿ ನಂಬಬೇಡ.

ಕೃಷಿ ಪದವಿ ಮುಗಿಸಿ ಬಂದ ಹುರುಪಿನಲ್ಲಿ, ಬೆಳ್ಮಣ್ಣಿನ ನಮ್ಮ ನೀರು ನಿಲ್ಲದ ಬೆಟ್ಟು ಗದ್ದೆಯಲ್ಲಿ ಭತ್ತ ಬಿಟ್ಟು ಸಿಹಿಜೋಳ ಬಿತ್ತಿದ್ದೆ. ಮಣಿಪಾಲದ ಹಾಸ್ಟೆಲ್ ಹುಡುಗರು ಸುಟ್ಟ ಜೋಳಕ್ಕೆ ಮುಗಿಬೀಳುವುದನ್ನು ನೋಡಿದ್ದೆನಲ್ಲ. ನಿನ್ನ ಅತ್ತೆ ಗುಲಾಬಿಯಕ್ಕ ಬೇಲಿಯಾಚೆಯಿಂದ ಕೆಣಕುತ್ತಿದ್ದರು: "ಎಂತ ಮಾರಾಯ್ತಿ, ಜೋಳ ಎಲ್ಲಿ ಉಂಟು? ಹುಲ್ಲೇ ಕಾಣ್ತದೆ. ನಮ್ಮ ದನ ಕಳಿಸ್ಲಾ?"

ಸುಳ್ಳಲ್ಲ. ನಮ್ಮ ಮಳೆಯಲ್ಲಿ ಜೋಳ ಒಂದು ಎಲೆ ಬಿಡುವಷ್ಟರಲ್ಲಿ ಕಳೆ ಗದ್ದೆ ತುಂಬುತ್ತದೆ. ಬಿತ್ತಿದ ಕೂಡಲೇ, ಕಳೆ ಮೊಳೆಯುವ ಮೊದಲೇ ಹೊಡೆಯಬೇಕಿದ್ದ ಔಷಧಿಗೆ ಮಳೆ ಬಿಡುವು ಕೊಡಲಿಲ್ಲ. ಕೈಯಿಂದ ಕೀಳಿಸೋಣವೆಂದರೆ ಹೆಂಗಸರೆಲ್ಲ ಭತ್ತದ ನಾಟಿಗೆ ಹೋಗಿದ್ದರು. ಮೊದಲ ಕೆಲವು ವಾರ ಕಳೆಯ ಕಾಟ ತಪ್ಪಿಸದಿದ್ದರೆ ಆಮೇಲೆ ಏನು ಮಾಡಿದರೂ ತೆನೆ ತುಂಬುವುದಿಲ್ಲ — ಪರೀಕ್ಷೆಯಲ್ಲಿ ಬರೆದಿದ್ದೆ. ಕೊನೆಗೊಂದು ಮಧ್ಯಾಹ್ನ ಮೋಡ ಸರಿದು ಬಿಸಿಲು ಬಂತು. ಅಗಲ ಎಲೆಯ ಕಳೆಯನ್ನು ಕೊಂದು ಜೋಳವನ್ನು ಉಳಿಸುವ ಔಷಧಿಯ ಪಂಪನ್ನು ಬೆನ್ನಿಗೇರಿಸಿದೆ. ಅದನ್ನು ಗಾಳಿಯಿಲ್ಲದ ತಂಪು ಹೊತ್ತಿನಲ್ಲಿ ಮಾತ್ರ ಹೊಡೆಯಬೇಕು. ಬಿಸಿಲಿಗೆ ಹಬೆಯಾಗಿ ದೂರ ಹೋಗುತ್ತದೆ. ಅದನ್ನೂ ಪರೀಕ್ಷೆಯಲ್ಲಿ ಬರೆದಿದ್ದೆ.

ಪಡುಗಾಳಿ ಬೀಸುತ್ತಿತ್ತೇ? ನನ್ನ ನೆನಪಿನಲ್ಲಿ ನಿಮ್ಮ ಅಂಗಳದ ಹಗ್ಗದ ಮೇಲೆ ಮೈ ಒರೆಸುವ ಒಂದು ಬೈರಾಸು ಪಟಪಟ ಹೊಡೆದುಕೊಳ್ಳುತ್ತಿದೆ. ನಿಜವಾಗಿ ನೋಡಿದೆನೋ, ತಪ್ಪು ಒಪ್ಪಿಕೊಳ್ಳಲು ಬೇಕೆಂದು ಆಮೇಲೆ ನೆನಪಿನಲ್ಲಿ ನಾನೇ ಒಣಹಾಕಿದೆನೋ — ಗೊತ್ತಿಲ್ಲ. ಗದ್ದೆಯ ಮೂಡಣಕ್ಕೆ ನಿಮ್ಮ ಮಲ್ಲಿಗೆ ಇದ್ದದ್ದಂತೂ ಗೊತ್ತಿತ್ತು.

ಕೆಲವೇ ದಿನಗಳಲ್ಲಿ ಮಲ್ಲಿಗೆಯ ಚಿಗುರು ಹಗ್ಗದಂತೆ ತಿರುಚಿಕೊಂಡಿತು. ಎಲೆ ಸಪೂರವಾಗಿ ಮುರುಟಿತು. ಮೊಗ್ಗು ನಿಂತಿತು. ಮದುವೆಯಾಗಿ ಬಂದು ನಿನಗದು ಮೊದಲ ಮಳೆಗಾಲ. ಬಾಳೆನಾರಿನಲ್ಲಿ ನಿನ್ನಷ್ಟು ಚುರುಕಾಗಿ ಮಾರಾಟದ ಹೂವಿನ ಚೆಂಡು ಕಟ್ಟುವವರು ಆ ಸುತ್ತಿನಲ್ಲಿ ಇರಲಿಲ್ಲ. ಸೊಸೆಯ ಬೆರಳು ತೋರಿಸಿ ಗುಲಾಬಿಯಕ್ಕ ಹೆಮ್ಮೆಪಡುತ್ತಿದ್ದರು. ನಮ್ಮಲ್ಲಿ ಮುಟ್ಟಾದವರು ಮಲ್ಲಿಗೆಯ ಹತ್ತಿರ ಸುಳಿಯಬಾರದು. ಅಂಥದೊಂದು ದಿನ ಮಳೆ ಹನಿಯಿತೆಂದು ಬಟ್ಟೆ ತೆಗೆಯಲು ಓಡಿದಾಗ ನಿನ್ನ ಸೆರಗು ಗಿಡಕ್ಕೆ ತಾಗಿತ್ತಂತೆ.

ನಿನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಅವರು ನನ್ನನ್ನು ಬೇಲಿಯ ಬಳಿ ಕರೆದರು. "ನೀನು ಓದಿದವಳಲ್ವಾ, ನೀನೇ ಹೇಳು. ಮುಟ್ಟಾದವಳು ತಾಗಿದ್ರೆ ಗಿಡ ಸಾಯ್ತದಾ, ಇಲ್ವಾ? ಇವಳು ಇಲ್ಲ ಅಂತಾಳೆ. ನೀನೂ ಇಲ್ಲ ಅಂದ್ರೆ ನಾನು ಮತ್ತೆ ಬಾಯಿ ತೆರೆಯುವುದಿಲ್ಲ."

ಇಲ್ಲ — ಒಂದೇ ಶಬ್ದ. ಆದರೆ ಅದರ ಬೆನ್ನಿಗೇ ಬರುವ ಪ್ರಶ್ನೆ ನನಗೆ ಕಾಣುತ್ತಿತ್ತು: ಹಾಗಾದರೆ ಎಂತದರಿಂದ?

"ಹೇಳ್ಲಿಕ್ಕಾಗುವುದಿಲ್ಲ ಅಕ್ಕ," ಎಂದೆ. "ಕೆಲವು ಸಲ ಹಾಗೂ ಆಗ್ತದೆ."

ನೀನು ನನ್ನ ಮುಖವನ್ನೇ ನೋಡುತ್ತಿದ್ದೆ. ಆಮೇಲೆ ನಿನ್ನ ಕೈಗಳನ್ನು ನೋಡಿಕೊಂಡೆ.

ಗಾಬರಿಯಲ್ಲಿ ಬಂದ ಮಾತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಬಸಳೆ? ನನ್ನ ಗದ್ದೆಗೂ ನಿಮ್ಮ ಅಂಗಳಕ್ಕೂ ನಡುವಿನ ಬದುವಿನಲ್ಲಿ ಅಮ್ಮ ಹಬ್ಬಿಸಿದ್ದ ಬಸಳೆಯೂ ಹಾಗೆಯೇ ತಿರುಚಿಕೊಂಡಿತ್ತು. ಅದನ್ನು ನೀನು ಮುಟ್ಟಿರಲಿಲ್ಲ. ಯಾರಾದರೂ ಅದನ್ನೊಮ್ಮೆ ನೋಡಿದ್ದರೆ ಸಾಕಿತ್ತು. ನಾನು ಅದನ್ನು ಬುಡಸಮೇತ ಕಿತ್ತು, ಗೊಬ್ಬರದ ಗುಂಡಿಗೆ ಹಾಕಿ, ಮೇಲೆ ಸೊಪ್ಪು ಮುಚ್ಚಿದೆ. ಯಾವಾಗ — ಗುಲಾಬಿಯಕ್ಕ ಕರೆಯುವ ಮೊದಲೋ, ಆಮೇಲೋ? ನೆನಪು ಯಾವಾಗಲೂ ಆಮೇಲೆ ಎನ್ನುತ್ತದೆ. ಆದರೆ ಬೇಲಿಯ ಬಳಿ ನಿಂತಾಗ ನಾನು ಕೈಗಳನ್ನು ಬೆನ್ನ ಹಿಂದೆ ಹಿಡಿದಿದ್ದೆ. ಬಸಳೆಯ ಲೋಳೆ ಬೆರಳಿಗೆ ಅಂಟಿತ್ತು. ಹಾಗಾದರೆ ಮೊದಲೇ. ಹೌದು, ಮೊದಲೇ.

ಆ ವರ್ಷ ಜೋಳ ಚೆನ್ನಾಗಿ ಬಂತು. ನಿಮ್ಮ ಮನೆಗೂ ಒಂದು ಬುಟ್ಟಿ ಕಳುಹಿಸಿದೆ — ಕಳುಹಿಸಿದೆ, ಶಶಿಕಲಾ. ಗುಲಾಬಿಯಕ್ಕ ಹಳೆಯ ಗಿಡಗಳನ್ನು ಕಿತ್ತು ಹೊಸದು ನೆಟ್ಟರು. ತಿಂಗಳ ಯಾವ ದಿನವೂ ನಿನ್ನನ್ನು ಅವುಗಳ ಹತ್ತಿರ ಬಿಡಲಿಲ್ಲ. ಹೂ ಕಟ್ಟಲು ಆಚೆ ಮನೆಯವರು ಬರುತ್ತಿದ್ದರು. ನಾನು ಬೇಸಾಯ ಬಿಟ್ಟು, ಕೆಲಸ ಹಿಡಿದು, ಮಣಿಪಾಲ ಸೇರಿದೆ.

ಮೊನ್ನೆ ಊರಿಗೆ ಬಂದಾಗ ನಿಮ್ಮ ಅಂಗಳಕ್ಕೆ ಬಂದಿದ್ದೆನಲ್ಲ. ನಿನ್ನ ಮಗಳು ಮೊಗ್ಗಿಗೆ ಕೈ ಚಾಚಿದಳು. ತಡೆದದ್ದು ಗುಲಾಬಿಯಕ್ಕ ಅಲ್ಲ, ನೀನು.

"ಇವತ್ತು ಬೇಡ ಮಗಾ, ದೂರ ನಿಲ್ಲು. ನನ್ನಿಂದ ಒಮ್ಮೆ ಎಲ್ಲಾ ಹೋಗಿದೆ." ಆಮೇಲೆ ನನ್ನತ್ತ ತಿರುಗಿದೆ. "ಅಲ್ವಾ ಅಕ್ಕ? ನಿಮಗೆ ಗೊತ್ತುಂಟಲ್ಲ."

ಎರಡನೆಯ ಸಲವೂ ಇಲ್ಲ ಎನ್ನದೆ ನಾನು ನಿಮ್ಮ ಅಂಗಳ ದಾಟಿ ಬಂದೆ.

ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಕೊಡುವುದೂ ಬಿಡುವುದೂ ನಿನಗೆ ಸೇರಿದ್ದು. ಬರೀ ಈ ಕಾಗದ ಕಳುಹಿಸಿ ತಪ್ಪಿಸಿಕೊಳ್ಳುವುದೂ ಇಲ್ಲ. ಭಾನುವಾರ ಬರುತ್ತೇನೆ. ನೀನೂ ಮಗಳೂ ಅತ್ತೆಯೂ ಇರುವಾಗ, ಅದೇ ಬೇಲಿಯ ಬಳಿ ನಿಂತು, ಅಂದು ಹೇಳದೆ ಉಳಿಸಿಕೊಂಡ ಆ ಒಂದು ಶಬ್ದವನ್ನು ಹೇಳುತ್ತೇನೆ. ಹಾಗಾದರೆ ಎಂತದರಿಂದ ಎಂದು ಗುಲಾಬಿಯಕ್ಕ ಕೇಳಲಿ.